ಗುರುವಾರದ ಹಾಳೆಗಳು

ನಮ್ಮ ಮನೆಯ ಮುಂಗೋಣೆಯಲ್ಲಿ ಯಾವಾಗ ನೋಡಿದರೂ ಯಾರಾದರೊಬ್ಬರು ಕಾಯುತ್ತ ಕೂತಿರುತ್ತಿದ್ದರು. ಮಕ್ಕಳ ವಾರಪತ್ರಿಕೆಯ ಸಂಪಾದಕ, ಹುಡುಗಿಯರ ಮಾಸಪತ್ರಿಕೆಯ ಸಂಪಾದಕ, ದಿನಪತ್ರಿಕೆಯ ನಾಲ್ಕು ಚೌಕದ ನಗೆಚಿತ್ರಕ್ಕೆ ಬಂದವನು, ಹೀಗೆ. ಮೊದಲು ಮಂಡಿಯೂರಿ ಮರ್ಯಾದೆಯಿಂದ ಕೂರುವರು. ಕಾಲು ಜೋಮು ಹಿಡಿದ ಮೇಲೆ ಚಕ್ಕಳಮಕ್ಕಳ ಹಾಕುವರು. ಕೊನೆಗೆ ಚಾಪೆಯ ಮೇಲೇ ಉರುಳಿ ಗೊರಕೆ ಹೊಡೆಯುವರು. ನಾನು ಚಹಾದ ಬಟ್ಟಲು ಇಡುವ ಸದ್ದಿಗೆ ಎದ್ದು, ಕಣ್ಣುಜ್ಜಿಕೊಂಡು, "ಅಮ್ಮಾವ್ರೆ, ಮೇಷ್ಟ್ರದು ಎಲ್ಲೀವರ್ಗೂ ಬಂತು?" ಎಂದು ಕೇಳುವರು. ಯಾರ ಹಾಳೆ ಮೊದಲು ಎಂಬ ಜಗಳ ಬಿದ್ದರೆ ಕಲ್ಲು-ಕತ್ತರಿ-ಕಾಗದದ ಆಟ ಆಡಿ ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳುವರು. ಕೋಟು ಹಾಕಿದ ಗಂಡಸರು ಹಾಗೆ ಮುಷ್ಟಿ ಕುಣಿಸುವುದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ನಗುತ್ತಿದ್ದೆ.

ಮಹಡಿಯ ಮೇಲೆ, ಅವರೆಲ್ಲ ಮೇಷ್ಟ್ರು ಎನ್ನುತ್ತಿದ್ದ ನಮ್ಮವರು ಬರೆಯುತ್ತಿದ್ದರು. ಇಸೊಗಾಯ್ ತೊಕುಜಿ ಎಂದರೆ ಆ ಕಾಲದಲ್ಲಿ ಮಾಂಗಾ ಚಿತ್ರಕಥೆ ಓದುವ ಮಕ್ಕಳಿಗೆಲ್ಲ ಗೊತ್ತಿತ್ತು. ಊರೂರು ತಿರುಗುವ ಕುಂಟ ಕೊಡೆ ರಿಪೇರಿಯವನು, ಕಡಲ ತಳದಲ್ಲಿ ಶಾಲೆ ನಡೆಸುವ ಮುದುಕಿ, ಸೋಲುವುದನ್ನೇ ಕಸುಬು ಮಾಡಿಕೊಂಡ ಸುಮೊ ಜಟ್ಟಿ, ಇವರೆಲ್ಲ ಒಂದೇ ಮೇಜಿನ ಮೇಲೆ ಒಬ್ಬರ ಬೆನ್ನಿಗೊಬ್ಬರು ಹುಟ್ಟಿ, ಮಸಿ ಆರುವ ಮೊದಲೇ ಮೋಟಾರ್‌ಸೈಕಲ್ ಹತ್ತಿ ಅಚ್ಚಿನಮನೆಗೆ ಹೋಗುತ್ತಿದ್ದರು. ಬೇರೆಯವರು ಒಂದು ಧಾರಾವಾಹಿಗೇ ಹೈರಾಣಾಗುತ್ತಿದ್ದರೆ ಇವರು ಏಳನ್ನು ಒಟ್ಟಿಗೆ ನಡೆಸಿದ ವರ್ಷಗಳಿವೆ. "ಇಸೊಗಾಯ್‌ಗೆ ಮೂರು ಕೈ ಕಣ್ರೋ, ಒಂದನ್ನ ಅಂಗಿಯೊಳಗೆ ಬಚ್ಚಿಟ್ಕೊಂಡಿದ್ದಾನೆ" ಎಂದು ಅವರ ಓರಗೆಯವರು ಆಡಿಕೊಳ್ಳುತ್ತಿದ್ದರು. ಪುಸ್ತಕವಾಗಿ ಬಂದವು ಕಪಾಟು ತುಂಬಿ, ಮೆಟ್ಟಿಲ ಪಕ್ಕಕ್ಕೆ ಬಂದು, ಬಚ್ಚಲಮನೆಯ ಬಾಗಿಲಿಗೂ ಬಂದವು. ಒಮ್ಮೆ ಮಹಡಿಯ ನೆಲ ತುಸು ಬಾಗಿತೆಂದು ಬಡಗಿಯನ್ನು ಕರೆಸಿದೆ. ಆತ ತೊಲೆಗಳನ್ನು ತಟ್ಟಿ ನೋಡಿ, "ತಾಯೀ, ನಾನು ಎಷ್ಟು ಆನಿಕೆ ಕೊಟ್ರೂ ಪ್ರಯೋಜನ ಇಲ್ಲ. ನಿಮ್ ಯಜಮಾನ್ರಿಗೆ ಸ್ವಲ್ಪ ಕಡಿಮೆ ಬರೀರಿ ಅಂತ ಹೇಳಿ" ಎಂದ.

ಹೇಳಿದರೆ ಕೇಳುವ ಪೈಕಿಯಲ್ಲ. ನಾನು ಚಿಬಾದ ಕಡಲ ಕಡೆಯ ತೋಫು ಅಂಗಡಿಯವರ ಮಗಳು. ನನ್ನ ತಂದೆಯೂ ಕತ್ತಲಿರುವಾಗಲೇ ಎದ್ದು ದುಡಿಯುವವರು, ಆದರೆ ಮಾರಿದ್ದು ಮುಗಿದರೆ ಅವತ್ತಿನ ಕೆಲಸ ಮುಗಿಯಿತು. ನಮ್ಮವರ ಕೆಲಸಕ್ಕೆ ಮುಗಿಯುವುದೆಂಬುದೇ ಇರಲಿಲ್ಲ. ಮದುವೆಯ ಮಾತಿಗೆ ಬಂದ ದಿನ ಹಿರಿಯರು ಮಾತಾಡುತ್ತಿರುವಾಗ ಇವರು ಊಟದ ಕಡ್ಡಿಯ ಕಾಗದದ ಹೊದಿಕೆಯ ಮೇಲೆ ಏನೋ ಗೀಚುತ್ತಿದ್ದರು. ನನ್ನನ್ನೇ ಬರೆಯುತ್ತಿರಬೇಕೆಂದು ನಾಚಿಕೊಂಡು ತಲೆ ತಗ್ಗಿಸಿದೆ. ಆಮೇಲೆ ನೋಡಿದರೆ ಟೋಪಿ ಹಾಕಿದ ಆಮೆ!

ಮಗಳು ಚಿಗುಸಾ ಹುಟ್ಟಿದ ದಿನ ಆಸ್ಪತ್ರೆಗೆ ಬಂದರು. ಮಗುವಿನ ಕೆನ್ನೆ ಮುಟ್ಟಿದರು, ಅಲ್ಲೊಂದು ಮಸಿಯ ಬೊಟ್ಟು ಮೂಡಿತು. ದಾದಿ ಬೈದಳು. "ಕ್ಷಮಿಸಿ, ಇದು ತೊಳೆದ್ರೂ ಹೋಗಲ್ಲ" ಎಂದು ಬೆರಳನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡು, ಕೆಳಗೆ ಕಾಯುತ್ತಿದ್ದ ಸಂಪಾದಕನ ಕಾರಿನಲ್ಲಿ ಹೊರಟುಹೋದರು.

ಚಿಗುಸಾ ಬೆಳೆದದ್ದು ಹಾಗೆಯೇ. ಶಾಲೆಯಲ್ಲಿ ಅಪ್ಪನ ಚಿತ್ರ ಬರೆಯಿರಿ ಎಂದಾಗ ಅವಳು ಒಂದು ಬೆನ್ನನ್ನು ಬರೆದು ಬಂದಳು. ಮುಖ ಇಲ್ಲ, ಬರೀ ಬೆನ್ನು. ನಾನು ಅದನ್ನು ತೋರಿಸಿದರೆ ಇವರು ಕನ್ನಡಕ ಮೇಲೆ ಮಾಡಿ ನೋಡಿ, "ಅರೆ! ಅಂಗಿ ಮಡಿಕೆ ಎಷ್ಟು ಸರಿಯಾಗಿ ಬಿದ್ದಿದೆ ನೋಡೇ ಕಿನುಯೊ" ಎಂದು ನಿಜವಾಗಿ ಖುಷಿಪಟ್ಟರು. ಮಗಳು ಆ ಹಾಳೆಯನ್ನು ಕಿತ್ತುಕೊಂಡು ಹೋದಳು. ಅವಳ ಸಹಪಾಠಿಗಳೆಲ್ಲ ಇವರ ಕಥೆ ಓದಲು ಜೇಬಿನ ಕಾಸು ಕೂಡಿಡುತ್ತಿದ್ದರು, ಅವಳು ಒಂದನ್ನೂ ಮುಟ್ಟಲಿಲ್ಲ. ಶಾಲೆ ಮುಗಿಸಿದ್ದೇ ನಾಗಾನೊಕ್ಕೆ ಹೋಗಿ, ಏನೇನೋ ಕೆಲಸ ಮಾಡಿ, ಕೊನೆಗೆ ಬಸ್ಸು ಓಡಿಸುವ ಪರವಾನಗಿ ಪಡೆದಳು. ಬೆಟ್ಟದ ದಾರಿಯಲ್ಲಿ ಹೆಂಗಸು ಬಸ್ಸು ಓಡಿಸುವುದು ಆಗ ಅಪರೂಪ. "ಅಪ್ಪಂಗೆ ಹೇಳ್ಬೇಡ, ಅದ್ನೂ ಕಥೆ ಮಾಡ್ಬಿಡ್ತಾರೆ" ಎಂದು ಫೋನಿನಲ್ಲಿ ಹೇಳಿದಳು. ಹೇಳಿದೆ. ಮಾಡಿದರು. ಆ ಕಥೆ ಎರಡು ವರ್ಷ ಓಡಿತು.

ಇವರಿಗೆ ಅರವತ್ತೈದು ದಾಟಿದ ಮೇಲೂ ಮೂರು ಧಾರಾವಾಹಿ ನಡೆಯುತ್ತಿದ್ದವು. ಒಂದು ಮಧ್ಯಾಹ್ನ ಹಿರಿಯ ಸಹಾಯಕ ಸುನಾಗಾ ಮೆಟ್ಟಿಲಿಳಿದು ಬಂದು, "ಅಮ್ಮಾವ್ರೆ, ಒಂದ್ನಿಮಿಷ ಇದನ್ನ ನೋಡ್ತೀರಾ" ಎಂದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮವರ ಚಿತ್ರಗಳಿಗೆ ಮಳೆ, ಮರ, ಜನಜಂಗುಳಿ ತುಂಬಿದವನು ಅವನು. ಚಾಪೆಯ ಮೇಲೆ ಎರಡು ಸಾಲಾಗಿ ಹಾಳೆ ಹರಡಿದ. ಮೇಲಿನ ಸಾಲು ಹೋದ ವಾರ ಪತ್ರಿಕೆಗೆ ಹೋದ ಕಂತಿನ ಪ್ರತಿ, ಕೆಳಗಿನದು ಆ ದಿನ ಇವರು ಬರೆದುಕೊಟ್ಟದ್ದು. ಜಟ್ಟಿ ಸೋತು ಬಚ್ಚಲಲ್ಲಿ ಕೂತು ಅಳುವ ಕಂತು. ಚೌಕಕ್ಕೆ ಚೌಕ, ಗೆರೆಗೆ ಗೆರೆ, ಕಣ್ಣೀರಿನ ಹನಿಯೂ ಅದೇ ಜಾಗದಲ್ಲಿ.

"ತಮಾಷೆಗೆ ಮಾಡಿರ್ಬೇಕು" ಎಂದೆ.

"ನಾನೂ ಹಾಗೇ ಅಂದ್ಕೊಂಡು ನಕ್ಕೆ, ಅಮ್ಮಾವ್ರೆ. ಮೇಷ್ಟ್ರು ನಗಲಿಲ್ಲ. ಏನಯ್ಯಾ ನಗ್ತೀಯ, ಅಳೋ ಕಂತು ಇದು, ಅಂದ್ರು."

ವೈದ್ಯರು ಪರೀಕ್ಷೆ ಮಾಡಿ, ಮರೆವಿನ ಕಾಯಿಲೆ, ಇದು ಇಳಿಜಾರು, ಮೇಲೆ ಹತ್ತುವ ದಾರಿಯಿಲ್ಲ ಎಂದು ಮೆತ್ತಗೆ ಹೇಳಿದರು. ಪತ್ರಿಕೆಗಳವರು ಒಳ್ಳೆಯ ಮನಸ್ಸಿನಿಂದಲೇ ಧಾರಾವಾಹಿಗಳನ್ನು ಒಂದೊಂದಾಗಿ ಮುಗಿಸಿದರು. ಮುಗಿಸಿದರು ಎಂದರೆ, ಸುನಾಗಾನೇ ಹಳೆಯ ಚಿತ್ರಗಳನ್ನು ನೋಡಿಕೊಂಡು ಕೊನೆಯ ಕಂತು ಕಟ್ಟಿಕೊಟ್ಟ. ಸಹಾಯಕರು ಒಬ್ಬೊಬ್ಬರೇ ಮೇಜು ಖಾಲಿ ಮಾಡಿ, ನನಗೆ ಬಗ್ಗಿ ನಮಸ್ಕರಿಸಿ ಹೋದರು. ಸುನಾಗಾ ಮಾತ್ರ ಗೇಟಿನವರೆಗೆ ಹೋದವನು ಹಿಂತಿರುಗಿ ಬಂದು, ಮಹಡಿಯ ಕಿಟಕಿಗೆ ಇನ್ನೊಮ್ಮೆ ನಮಸ್ಕಾರ ಮಾಡಿದ.

ಆದರೆ ಇವರು ನಿಲ್ಲಿಸಲಿಲ್ಲ. ಬೆಳಿಗ್ಗೆ ಅನ್ನ, ಮಿಸೊ ಸಾರು ಉಂಡು ಮೇಲೆ ಹೋಗುವರು, ಬರೆಯುವರು. ಸಂಜೆ ಹಾಳೆಗಳನ್ನು ಎದೆಗವಚಿಕೊಂಡು ಮುಂಗೋಣೆಗೆ ಇಳಿದು ಬರುವರು. ಕೋಣೆ ಖಾಲಿ.

"ಯಾರೂ ಬಂದಿಲ್ವೇನೇ?"

"ಇಲ್ಲ ಕಣ್ರೀ. ಇವತ್ತು ರಜೆ."

"ಪತ್ರಿಕೆಗೆ ಎಂಥ ರಜೆ? ನನ್ನನ್ನ ಕೈಬಿಟ್ಬಿಟ್ರಾ?" ಎಂದು ಆ ಚಾಪೆಯ ಮೇಲೆ, ಅಷ್ಟು ವರ್ಷ ಬೇರೆಯವರು ಕೂತು ಕಾದ ಜಾಗದಲ್ಲಿ ತಾವೇ ಕೂತು ಕಾಯುತ್ತಿದ್ದರು.

ಒಂದು ದಿನ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಹಾಳೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ತಾವೇ ಪತ್ರಿಕೆಗೆ ತಲುಪಿಸಲು ಹೊರಟುಬಿಟ್ಟರು. ಇಕೆಬುಕುರೊ ರೈಲು ನಿಲ್ದಾಣದಲ್ಲಿ ಪೊಲೀಸರಿಗೆ ಸಿಕ್ಕಿದಾಗ ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಏನೂ ಇಲ್ಲ. ಪಾದ ಒಡೆದು ರಕ್ತ ಬಂದಿತ್ತು. ನನ್ನನ್ನು ಕಂಡೊಡನೆ, "ಅಚ್ಚಿಗೆ ತಡ ಆಯ್ತು ಕಿನುಯೊ, ಮಕ್ಕಳು ಕಾಯ್ತಿರ್ತಾರೆ" ಎಂದು ಎಳೆ ಹುಡುಗನ ಹಾಗೆ ಅತ್ತರು.

ಅವತ್ತು ನಾನು ಹಟಾನಾಕಾ ಅವರಿಗೆ ಫೋನು ಮಾಡಿದೆ.

ಹಟಾನಾಕಾ ನಮ್ಮವರ ಬೆನ್ನು ಹತ್ತಿದ ಸಂಪಾದಕರಲ್ಲೆಲ್ಲ ಹಟಮಾರಿ. ದಪ್ಪ ದೇಹ, ದೊಡ್ಡ ಗಂಟಲು. ಇವರು ಕಿಟಕಿಯಿಂದಿಳಿದು ಸಿನೆಮಾಕ್ಕೆ ಓಡಿಹೋಗಬಾರದೆಂದು ನಮ್ಮ ಹಲಸಂದೆ ಚಪ್ಪರದ ಕೆಳಗೆ ಕಾವಲು ಕೂತು, ಸೊಳ್ಳೆ ಕಚ್ಚಿಸಿಕೊಂಡು ಮುಖ ಊದಿಸಿಕೊಂಡವರು. ಈಗ ನಿವೃತ್ತರಾಗಿ ಮನೆಯಲ್ಲಿ ಬಾತುಕೋಳಿ ಸಾಕುತ್ತಿದ್ದರು. ನಾನು ಫೋನಿನಲ್ಲಿ ಸಂಗತಿಯಷ್ಟೇ ಹೇಳಿದೆ, ಏನು ಬೇಡಬೇಕೋ ತಿಳಿಯಲಿಲ್ಲ.

"ಯಾವತ್ತು ಬರ್ಲಿ ಅಮ್ಮಾವ್ರೆ? ನಮ್ಮ ಪತ್ರಿಕೆ ಹಾಳೆ ಹೋಗ್ತಿದ್ದಿದ್ದು ಗುರುವಾರ. ಗುರುವಾರಾನೇ ಬರ್ತೀನಿ."

ಬಂದರು. ಹಳೆಯ ಕೋಟು, ಟೈ, ಕೈಯಲ್ಲಿ ಚರ್ಮದ ಚೀಲ. ಕೋಟಿನ ಗುಂಡಿ ಹೊಟ್ಟೆಗೆ ಹತ್ತುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಗಂಟಲು ತೆಗೆದರು: "ಮೇಷ್ಟ್ರೇ! ಹಟಾನಾಕಾ ಬಂದಿದ್ದೀನಿ! ಇವತ್ತು ಹಾಳೆ ಸಿಗದಿದ್ರೆ ಈ ಹೊಸ್ತಿಲಲ್ಲೇ ಪ್ರಾಣ ಬಿಡ್ತೀನಿ!"

ಮಹಡಿಯ ಮೇಲೆ ಕುರ್ಚಿ ಸರಿದ ಸದ್ದಾಯಿತು. "ಬಿಡು ಮಾರಾಯ, ಒಬ್ಬ ಸಂಪಾದಕ ಕಡಿಮೆಯಾಗ್ತಾನೆ!" ಎಂಬ ಉತ್ತರ ಬಂತು. ಎಷ್ಟೋ ತಿಂಗಳ ಮೇಲೆ ಆ ದನಿಯಲ್ಲಿ ನಗು ಕೇಳಿ ನಾನು ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡೆ.

ಅಂದಿನಿಂದ ಅವರು ಗುರುವಾರ ತಪ್ಪಿಸಲಿಲ್ಲ. ಕೂತು ಪ್ರತಿ ಹಾಳೆಯನ್ನೂ ಓದುವರು. ಸುಮ್ಮನೆ ಹೊಗಳುತ್ತಿರಲಿಲ್ಲ. "ಮೇಷ್ಟ್ರೇ, ಈ ಮುದುಕಿ ಇಲ್ಲಿ ಇಷ್ಟು ಬೇಗ ಸಿಟ್ಟಾಗಬಾರದು" ಎನ್ನುವರು. ಇವರು ವಾದ ಹೂಡುವರು. ಕೊನೆಗೆ ಹಾಳೆಗಳು ಚೀಲ ಸೇರಿದ ಮೇಲೆ ಇವರ ಮುಖ ಹಗುರಾಗುತ್ತಿತ್ತು. ಅವತ್ತೊಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಮತ್ತೆ ಹೊಸ ಕಂತು.

ಚಿಗುಸಾಗೆ ಇದು ಸರಿಬರಲಿಲ್ಲ. ಹೊಸ ವರ್ಷಕ್ಕೆ ಬಂದವಳು ಈ ನಾಟಕವನ್ನು ನೋಡಿ, ಹಟಾನಾಕಾ ಹೋದ ಕೂಡಲೇ ಅಡುಗೆಮನೆಗೆ ಬಂದು ನನ್ನ ಮೇಲೆ ಹರಿಹಾಯ್ದಳು.

"ಜೀವಮಾನ ಇಡೀ ಈ ಮನುಷ್ಯರೇ ಅಪ್ಪನ್ನ ಹಿಂಡಿದ್ರು. ಈಗ ಎಲ್ಲ ಮರೆತು ಸುಮ್ನೆ ಕೂರೋ ಯೋಗ ಬಂದಿದೆ. ಅದಕ್ಕೂ ನೀನೇ ಕರೆಸಿ ಹಿಂಡಿಸ್ತಾ ಇದ್ದೀಯಲ್ಲಮ್ಮ!"

"ಬರೀದೇ ಇದ್ರೆ ಸಂಕಟಪಡ್ತಾರೆ ಕಣೇ."

"ಹೆಂಡ ಬಿಟ್ಟೋರೂ ನಾಲ್ಕು ದಿನ ಸಂಕಟಪಡ್ತಾರೆ. ಆಮೇಲೆ ಸರಿಹೋಗಲ್ವಾ?"

ಅವಳ ಮಾತಿನಲ್ಲಿ ಹುರುಳಿಲ್ಲ ಎಂದು ನನಗೆ ಹೇಳಲಾಗಲಿಲ್ಲ. ನಾನೂ ಆಸೆಪಟ್ಟೆ, ಒಂದಿಷ್ಟು ದಿನ ಬರೀ ಗಂಡನಾಗಿ ನನ್ನೆದುರು ಕೂತಿರಲಿ ಎಂದು. ಮರುದಿನ ಅವಳು ಲೇಖನಿ, ಮಸಿ, ಕಾಗದ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಹಾಸಿಗೆಗಳ ಗೂಡಿನಲ್ಲಿಟ್ಟು, ಅಪ್ಪನಿಗೆ ದಪ್ಪ ಕೋಟು ಹಾಕಿಸಿ ಮೂಲಂಗಿ ಹೊಲಗಳ ಕಡೆ ಸುತ್ತಾಡಿಸಿಕೊಂಡು ಬಂದಳು. ಮಧ್ಯಾಹ್ನ ಮೂವರೂ ಕಿತ್ತಳೆ ಸುಲಿದು ತಿಂದೆವು. ಚಿಗುಸಾ ಅಪ್ಪನಿಗೆ ನಾರು ತೆಗೆದು ತೆಗೆದು ಕೊಟ್ಟಳು. ಸಂಸಾರ ಅಂದರೆ ಇದೇ ಅಲ್ಲವೇ ಎನ್ನಿಸಿತು.

ಮಾರನೆಯ ದಿನ ಇವರು ಮನೆಯಿಡೀ ಹುಡುಕತೊಡಗಿದರು. ಏನು ಹುಡುಕುತ್ತಿದ್ದೇನೆ ಎಂಬುದೂ ಗೊತ್ತಿಲ್ಲ. ಅಕ್ಕಿ ಡಬ್ಬಿ ತೆರೆದು ನೋಡುವರು, ಬೂಟಿನೊಳಗೆ ಕೈ ಹಾಕಿ ನೋಡುವರು. ಊಟ ಬೇಡವೆಂದರು. ಮೂರನೆಯ ಬೆಳಿಗ್ಗೆ ಚಿಗುಸಾ ಎದ್ದು ನೋಡಿದಾಗ ಇವರು ಹಜಾರದ ಕಿಟಕಿಯ ಮುಂದೆ ನಿಂತಿದ್ದರು. ಹೊರಗೆ ಹಿಮ, ಗಾಜಿನ ಮೇಲೆ ಆವಿ. ಆ ಆವಿಯ ಮೇಲೆ ಬೆರಳಿನಿಂದ ಚೌಕ ಎಳೆದು, ಚೌಕದೊಳಗೆ ಆ ಕಡಲ ಮುದುಕಿಯನ್ನು ಬರೆಯುತ್ತಿದ್ದರು. ಮುಂದಿನ ಚೌಕ ಮುಗಿಯುವಷ್ಟರಲ್ಲಿ ಹಿಂದಿನದು ನೀರಾಗಿ ಇಳಿದುಹೋಗುವುದು. ಇವರು ಗಾಬರಿಯಿಂದ ಹಿಂದಕ್ಕೆ ಹೋಗಿ ಅದನ್ನು ತಿದ್ದುವರು, ಅಷ್ಟರಲ್ಲಿ ಇನ್ನೊಂದು ಇಳಿಯುವುದು. ಬೆರಳು ಚಳಿಗೆ ನೀಲಿಗಟ್ಟಿತ್ತು. ಬಾಯಲ್ಲಿ ಒಂದೇ ಮಾತು: "ಇರು, ಇರು, ಹೇಳ್ತೀನಿ, ಇರು."

ಚಿಗುಸಾ ಆ ನೀಲಿ ಬೆರಳನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು. ನನ್ನ ಕಡೆ ತಿರುಗಿ, "ಪೆಟ್ಟಿಗೆ ತಗೊಂಡ್ಬಾಮ್ಮ" ಎಂದಳು.

ಅವಳು ನಾಗಾನೊಕ್ಕೆ ಹಿಂತಿರುಗಿದವಳು ವಸಂತದ ಹೊತ್ತಿಗೆ ಕೆಲಸ ಬಿಟ್ಟು ಬಂದು, ನಮ್ಮ ಕಡೆಯ ಬಸ್ ಕಂಪನಿಯೊಂದರಲ್ಲೇ ಸೇರಿಕೊಂಡಳು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ನೇರ ಮಹಡಿಗೆ. ಮಸಿ ಒಣಗಿದ ಮೇಲೆ ಅಡಿಯ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಒರೆಸುವುದು ಹೊಸದಾಗಿ ಸೇರಿದ ಸಹಾಯಕರ ಕೆಲಸ. ಅದನ್ನು ಅವಳು ಹಿಡಿದಳು. ಮಗಳೆಂಬುದು ಇವರಿಗೆ ತಿಳಿಯುತ್ತಿರಲಿಲ್ಲ. ಮೊದಲ ದಿನ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹೊಸಬಳಾ? ಕೈ ತೊಳ್ಕೊಂಡು ಬಂದ್ಯಾ?" ಎಂದರು. ಅವಳು ಕೈ ತೋರಿಸಿದಳು. ಬಸ್ಸಿನ ಸ್ಟೀರಿಂಗ್ ಚಕ್ರ ಹಿಡಿದು ಜಡ್ಡುಗಟ್ಟಿದ ಅಂಗೈ. "ಭೇಷ್, ದುಡಿದಿರೋ ಕೈ. ಕೂತ್ಕೋ."

ಬೇಸಗೆಯ ಒಂದು ಮಧ್ಯಾಹ್ನ ನಾನು ಹುರಿದ ಜವೆಗೋಧಿಯ ತಣ್ಣನೆ ಚಹಾ ತೆಗೆದುಕೊಂಡು ಹೋದೆ. ಒಳಗೆ ಮಾತು ನಡೆಯುತ್ತಿತ್ತು. ತಡಿಕೆ ಬಾಗಿಲ ಹೊರಗೇ ನಿಂತೆ.

"ನಿನ್ನ ಹೆಸರೇನಮ್ಮ?" ಇವರು ಅದನ್ನು ದಿನವೂ ಕೇಳುತ್ತಿದ್ದರು.

"ಚಿಗುಸಾ."

"ಒಳ್ಳೇ ಹೆಸರು. ನನ್ನ ಮಗಳ ಹೆಸರೂ ಅದೇ. ಇಸ್ಕೂಲಿಗೆ ಹೋಗಿದ್ದಾಳೆ. ಇದೊಂದು ಕಂತು ಮುಗಿಸಿಬಿಟ್ರೆ ಅವಳನ್ನ ಎಲ್ಲಾದ್ರೂ ಕರ್ಕೊಂಡು ಹೋಗ್ಬೇಕು."

ರಬ್ಬರಿನ ಸದ್ದು ನಿಂತಿತು. ಮತ್ತೆ ಶುರುವಾಯಿತು.

"ಮೇಷ್ಟ್ರೇ, ಒಂದು ಮಾತು ಕೇಳ್ಲಾ? ಇಷ್ಟೊಂದು ಯಾಕೆ ಬರೀತೀರಿ? ಸ್ವಲ್ಪ ನಿಲ್ಲಿಸಿದ್ರೆ ಏನಾಗುತ್ತೆ?"

"ನಿಲ್ಲಿಸಿದ್ರೆ ಅವನು ನಿದ್ದೆ ಮಾಡಿಬಿಡ್ತಾನಲ್ಲ."

"ಯಾರು?"

"ಮಿತ್ಸು. ನನ್ನ ತಮ್ಮ." ಯಾರಿಗೆ ತಾನೇ ಗೊತ್ತಿಲ್ಲ ಎಂಬಂತೆ ಹೇಳಿದರು. "ಯುದ್ಧದಲ್ಲಿ ಊರು ಸುಟ್ಟ ಮೇಲೆ ಹೊಳೆ ಪಕ್ಕ ಒಂದು ಕೊಟ್ಟಿಗೇಲಿದ್ವಿ. ಅಮ್ಮ ಗೆಣಸು ಹುಡುಕ್ಕೊಂಡು ಹಳ್ಳಿ ಮೇಲೆ ಹೋಗ್ತಿದ್ಲು. ಅವನಿಗೆ ಭೇದಿ, ಏಳೋಕಾಗ್ತಿರ್ಲಿಲ್ಲ. ನಿದ್ದೆ ಮಾಡೋಕೆ ಬಿಡ್ಬೇಡ ಕಣೋ, ನಿದ್ದೆ ಮಾಡಿದ್ರೆ ಏಳಲ್ಲ ಅಂತ ಅಮ್ಮ ಹೇಳಿ ಹೋಗಿದ್ಲು. ಸುಟ್ಟ ತಗಡೊಂದಿತ್ತು, ಅದರ ಮೇಲೆ ಮೊಳೇಲಿ ಚಿತ್ರ ಬರೆದು ಕಥೆ ಹೇಳ್ತಿದ್ದೆ. ತುಂಬಿದ್ರೆ ಮಣ್ಣು ಹಾಕಿ ಉಜ್ಜೋದು, ಮತ್ತೆ ಬರೆಯೋದು. ಅವನು, ಆಮೇಲೆ? ಆಮೇಲೇನಾಯ್ತಣ್ಣ? ಅಂತಿದ್ದ. ಕೇಳ್ತಿರೋವರೆಗೂ ಕಣ್ಣು ಬಿಟ್ಕೊಂಡಿರ್ತಿದ್ದ."

"ಆಮೇಲೆ?" ಎಂದಳು ಚಿಗುಸಾ.

"ಒಂದಿನ ನನಗೆ ಏನೂ ಹೊಳೀಲಿಲ್ಲ. ಹೊಟ್ಟೆ ಖಾಲಿ, ತಲೆ ಖಾಲಿ. ಇರು, ನೀರು ತರ್ತೀನಿ, ಬಂದು ಹೇಳ್ತೀನಿ, ಅಂದೆ." ಲೇಖನಿಯನ್ನು ಮಸಿಯಲ್ಲದ್ದಿದರು. ಬಾಟಲಿಯ ಅಂಚಿಗೆ ತಾಗಿದ ಸಣ್ಣ ಸದ್ದು. "ಈ ಮೂಲೇಲಿ ಪೆನ್ಸಿಲ್ ಉಳಿದಿದೆ ನೋಡು. ಸರಿಯಾಗಿ ಒರೆಸು."

ನಾನು ಕೆಳಗಿಳಿದು ಬಂದೆ. ತೀರಿಹೋದ ಹಿರಿಯರಿಗೆ ಎಡೆ ಇಡುವ ನಮ್ಮ ಗೂಡಿನಲ್ಲಿ ಅತ್ತೆ ಮಾವಂದಿರ ಹೆಸರಿನ ಫಲಕಗಳ ಹಿಂದೆ ಒಂದು ಚಿಕ್ಕ ಫಲಕವಿತ್ತು. ನಾನು ಮದುವೆಯಾಗಿ ಬಂದಾಗ ಅತ್ತೆ, "ನೆಂಟರ ಮಗು, ಅದಕ್ಕೂ ಒಂದು ಚಿಟಿಕೆ ಅನ್ನ ಇಡು" ಎಂದಷ್ಟೇ ಹೇಳಿದ್ದರು. ಅಷ್ಟು ವರ್ಷ ಇಡುತ್ತ ಬಂದಿದ್ದೆ. ನನ್ನ ಮೈದುನನಿಗೆ ಇಡುತ್ತಿದ್ದೇನೆ ಎಂದು ಅವತ್ತು ತಿಳಿಯಿತು.

ಸಂಜೆ ಚಿಗುಸಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಆಮೇಲೆ ಚಾಕು ಕೆಳಗಿಟ್ಟು, "ಪಾಪ ಅನ್ಸುತ್ತಮ್ಮ. ಆದ್ರೂ ಸಿಟ್ಟು ಹೋಗ್ತಿಲ್ಲ" ಎಂದಳು. "ಸತ್ತವನು ಕೇಳಿದ್ದಕ್ಕೆ ಜೀವನ ಪೂರ್ತಿ ಉತ್ತರ ಹೇಳಿದ್ರು. ನಾನು ಬದುಕಿದ್ದೆ. ಕೆಳಗೇ ಇದ್ದೆ. ನಾನೂ ಕಾಯಿಲೆ ಬೀಳ್ಬೇಕಿತ್ತಾ?"

ನಾನು ಅವಳ ಬೆನ್ನು ಸವರಿದೆ. ಮಾರನೆಯ ದಿನ ಪಾಳಿ ಮುಗಿಸಿ ಬಂದು ಮತ್ತೆ ಮಹಡಿಗೆ ಹೋದಳು.

ಆ ವರ್ಷ ಕಳೆಯುತ್ತ ಹಾಳೆಗಳು ಬರಿದಾಗತೊಡಗಿದವು. ಮೊದಲು ಮರಗಳು, ಮನೆಗಳು ಹೋದವು. ಆಮೇಲೆ ಪಾತ್ರಗಳ ಕೈಕಾಲು ಹೋದವು. ಕುಂಟನ ಕೊಡೆ ಮಾತ್ರ ಗಾಳಿಯಲ್ಲಿ ನಿಂತಿರುತ್ತಿತ್ತು. ಶರತ್ಕಾಲದ ಹೊತ್ತಿಗೆ ಮುಖಗಳೂ ಹೋಗಿ, ಚೌಕಗಳು ಮತ್ತು ಮಾತಿನ ಗುಳ್ಳೆಗಳಷ್ಟೇ ಉಳಿದವು, ಗುಳ್ಳೆಯೊಳಗೆ ಅಕ್ಷರವಿಲ್ಲ. ಆದರೆ ಸಂಖ್ಯೆಯೇನೂ ಕಡಿಮೆಯಾಗಲಿಲ್ಲ. ಮೊದಲಿಗಿಂತ ಹೆಚ್ಚೇ ಬರೆಯುತ್ತಿದ್ದರು. ನಾನು ಕಾಗದದ ಅಂಗಡಿಗೆ ಹೋಗಿ ಹೋಗಿ ತರುತ್ತಿದ್ದೆ.

ಪೂರ್ತಿ ಖಾಲಿ ಚೌಕಗಳ ಕಂತು ಕೈಗೆ ಬಂದ ಗುರುವಾರ ಹಟಾನಾಕಾ ಎಂದಿನಂತೆ ಮೊದಲ ಹಾಳೆಯಿಂದ ಓದಿದರು. ಅವಸರಪಡಲಿಲ್ಲ. ನಮ್ಮಲ್ಲಿ ಓದುವ ಹಾಗೆ ಕಣ್ಣು ಬಲದಿಂದ ಎಡಕ್ಕೆ, ಚೌಕದಿಂದ ಚೌಕಕ್ಕೆ ಹೋಯಿತು. ಇವರು ಎದುರಿಗೆ ಮಂಡಿಯೂರಿ, ಪರೀಕ್ಷೆ ಬರೆದ ಹುಡುಗನ ಹಾಗೆ ಅವರ ಮುಖವನ್ನೇ ನೋಡುತ್ತಿದ್ದರು.

"ಹೇಗಿದೆ?"

ಹಟಾನಾಕಾ ಹಾಳೆಗಳ ಅಂಚು ಸರಿಮಾಡಿದರು. "ಮೇಷ್ಟ್ರೇ, ಈ ಸಲ ಎಲ್ಲೂ ಕೈ ಹಾಕೋ ಹಾಗಿಲ್ಲ. ಹೀಗೇ ಅಚ್ಚಿಗೆ ಕಳಿಸ್ತೀನಿ."

"ಮುದುಕಿ ಸಿಟ್ಟಾಗೋದು ಬೇಗ ಆಗ್ಲಿಲ್ವಾ?"

"ಇಲ್ಲ. ಸರಿಯಾದ ಜಾಗದಲ್ಲಿ ಬಂದಿದೆ."

ಬೀಳ್ಕೊಡಲು ನಾನು ಗೇಟಿನವರೆಗೆ ಹೋದೆ. ಅಷ್ಟು ದೊಡ್ಡ ಮನುಷ್ಯ ಚೀಲವನ್ನು ತಬ್ಬಿಕೊಂಡು, ಕಾಂಪೌಂಡಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತರು. ಬೀದಿಯಲ್ಲಿ ಹೋಗುತ್ತಿದ್ದ ಶಾಲೆಯ ಹುಡುಗಿಯರು ನಿಂತು ನೋಡಿದರು. "ಬೇಗ, ಬೇಗ ಅಂತ ಪ್ರಾಣ ತಿಂದೆ ಅಮ್ಮಾವ್ರೆ ಈ ಮನುಷ್ಯನ್ನ. ನಿಧಾನಕ್ಕೆ ಬರೀರಿ ಅಂತ ಒಂದು ಸಲ, ಒಂದೇ ಒಂದು ಸಲ ಅಂದಿದ್ರೆ..." ನಾನು ಅವರ ಟೋಪಿಯನ್ನು ನೆಲದಿಂದೆತ್ತಿ ಕೊಟ್ಟೆ.

ಡಿಸೆಂಬರಿನ ಒಂದು ಇಳಿಹೊತ್ತು. ಮಹಡಿಯ ಕಿಟಕಿಯಿಂದ ಬಿಸಿಲು ಮೇಜಿನವರೆಗೂ ಬಂದಿತ್ತು. ನಾನು ಪಕ್ಕದಲ್ಲೇ ಕೂತು ಕಾಲುಚೀಲ ಹೊಲಿಯುತ್ತಿದ್ದೆ, ಚಿಗುಸಾ ಒರೆಸಲು ಏನೂ ಇಲ್ಲದ ಹಾಳೆಯನ್ನು ಒರೆಸುತ್ತಿದ್ದಳು. ಇವರು ಒಂದು ಚೌಕ ಎಳೆಯಲು ಅಡ್ಡಪಟ್ಟಿ ಇಟ್ಟರು, ತೆಗೆದರು. ಲೇಖನಿಯನ್ನು ಬಟ್ಟೆಯಲ್ಲಿ ಒರೆಸಿದರು. ಮಸಿಯ ಬಾಟಲಿಗೆ ಮುಚ್ಚಳ ಹಾಕಿ ತಿರುಗಿಸಿದರು. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ಮೇಜಿನ ಮೇಲೆ ಹಗಲು ಹೊತ್ತಿನಲ್ಲಿ ಮುಚ್ಚಳ ಹಾಕಿದ ಬಾಟಲಿಯನ್ನು ನಾನು ನೋಡಿರಲಿಲ್ಲ.

"ಮುಗೀತು" ಎಂದರು.

ಇವರು ಕುರ್ಚಿಯನ್ನೇ ತಿರುಗಿಸಿ ಕೂತು ಚಿಗುಸಾಳ ಮುಖವನ್ನು ಪ್ರೀತಿಯಿಂದ ನೋಡಿದರು. ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. ಈಗ ಗುರುತು ಹಿಡಿಯುತ್ತಾರೆ ಎಂದು ಅವಳಿಗೂ ಅನ್ನಿಸಿರಬೇಕು. ನನಗಂತೂ ಅನ್ನಿಸಿತ್ತು.

"ಇವತ್ತಿಗೆ ಸಾಕು ಕಣಮ್ಮ. ತುಂಬಾ ದುಡಿದೆ ನೀನು. ಹೊತ್ತು ಮುಳುಗೋ ಮುಂಚೆ ಮನೆಗೆ ಹೋಗು. ನಿಮ್ಮಪ್ಪ ಕಾಯ್ತಾ ಇರ್ತಾರೆ."

ಚಿಗುಸಾ ಕೈಲಿದ್ದ ರಬ್ಬರನ್ನು ಮೇಜಿನ ಮೇಲಿಟ್ಟಳು. ಆಮೇಲೆ ಎದ್ದು, ಸಹಾಯಕರು ಮಾಡುವ ಹಾಗೆ ಸೊಂಟ ಬಗ್ಗಿಸಿ, "ಬರ್ತೀನಿ ಮೇಷ್ಟ್ರೇ" ಎಂದಳು. ಕೋಟು ಹಾಕಿಕೊಂಡಳು, ಬೂಟು ಹಾಕಿಕೊಂಡಳು, ಗೇಟು ತೆಗೆದು ಹೊರಗೆ ಹೋದಳು. ಇವರು ಕಿಟಕಿಯಿಂದ ಕೈಬೀಸಿದರು. ಅವಳೂ ಬೀಸಿ, ಬೀದಿಯ ತಿರುವಿನಲ್ಲಿ ಮರೆಯಾದಳು. ಬಹಳ ಹೊತ್ತಾದ ಮೇಲೆ ಹಿತ್ತಲ ಬಾಗಿಲಿಂದ ಒಳಗೆ ಬಂದು, ನನ್ನ ಮುಖ ನೋಡದೆ, ರಾತ್ರಿಯ ಊಟಕ್ಕೆ ಅಕ್ಕಿ ತೊಳೆಯತೊಡಗಿದಳು. ತೊಳೆದ ಅಕ್ಕಿಯನ್ನೇ ಮತ್ತೆ ಮತ್ತೆ ತೊಳೆದಳು. ನಾನು ನಲ್ಲಿ ನಿಲ್ಲಿಸಿದೆ.

ಅವತ್ತಿನಿಂದ ಇವರು ಲೇಖನಿ ಹಿಡಿಯಲಿಲ್ಲ. ಹಟಾನಾಕಾ ಗುರುವಾರ ಬಂದರೆ ಯಾರೋ ನೆಂಟರು ಬಂದರೆಂದು ನಕ್ಕು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಇಬ್ಬರೂ ಬಿಸಿಲಲ್ಲಿ ಕೂತು ಕೆಂಪು ಕಾಳಿನ ಸಿಹಿ ಹೂರಣದ ಬನ್ನು ತಿನ್ನುತ್ತಿದ್ದರು. ಫೆಬ್ರವರಿಯಲ್ಲಿ ನೆಗಡಿ ಎದೆಗಿಳಿದು, ವಾರದೊಳಗೆ ಎಲ್ಲ ಮುಗಿಯಿತು.

ಅಂತ್ಯಕ್ರಿಯೆಗೆ ಯಾರ‍್ಯಾರೋ ಬಂದರು. ಬ್ಯಾಂಕಿನವರು, ಮೀನು ಮಾರುವವರು, ತಲೆ ನರೆತ ಹೆಂಗಸರು. ಒಬ್ಬಾತ ನನ್ನೆದುರು ನಿಂತು, "ನಾನು ಚಿಕ್ಕವನಿದ್ದಾಗ ಬಹಳ ದಿನ ಹಾಸಿಗೆ ಹಿಡಿದಿದ್ದೆ. ಮುಂದಿನ ವಾರ ಏನಾಗುತ್ತೆ ನೋಡ್ಬೇಕು ಅಂತಾನೇ..." ಎಂದು ಶುರುಮಾಡಿ, ಮುಂದೆ ಹೇಳಲಾರದೆ ತಲೆಬಾಗಿ ಸರಿದುಹೋದ. ಚಿಗುಸಾ ಅವನು ಹೋದ ದಿಕ್ಕನ್ನೇ ನೋಡುತ್ತಿದ್ದಳು.

ಸುಡುವ ಮನೆಯಲ್ಲಿ ಬೆಂಕಿ ಆರಿದ ಮೇಲೆ ಮೂಳೆ ಆರಿಸಲು ನಮ್ಮನ್ನು ಒಳಗೆ ಕರೆದರು. ಹಟಾನಾಕಾ, ಸುನಾಗಾ, ನಾನು, ಮಗಳು. ಉದ್ದನೆಯ ಕಡ್ಡಿಗಳನ್ನು ಹಿಡಿದು, ಇಬ್ಬಿಬ್ಬರು ಸೇರಿ ಒಂದೊಂದೇ ಮೂಳೆಯನ್ನೆತ್ತಿ ಕರಂಡದೊಳಗಿಡಬೇಕು. ಕಾಲಿನಿಂದ ಶುರುಮಾಡಿದೆವು. ಚಿಗುಸಾ ತಟ್ಟೆಯ ಮೇಲೆಲ್ಲ ಕಣ್ಣಾಡಿಸಿ, ಅಲ್ಲಿನ ಕೆಲಸದವರನ್ನು ಕೇಳಿದಳು: "ಬಲಗೈ ಯಾವುದು?"

ಅವರು ಒಂದು ಕಡೆಗೆ ತೋರಿಸಿದರು. ಅಕ್ಕಿಯ ನುಚ್ಚಿನಂಥ ಬಿಳಿಯ ಚೂರುಗಳು. ಬೆರಳಿನದು ಒಂದು ಮಾತ್ರ ಮುರಿಯದೆ ಉಳಿದಿತ್ತು. ಅವಳು ತನ್ನ ಕಡ್ಡಿಯನ್ನು ಆ ಕಡೆಯಿಂದ ತಂದಳು, ನಾನು ಈ ಕಡೆಯಿಂದ. ನನ್ನ ಕಡ್ಡಿ ಜಾರಿತು.

"ನಿಧಾನ ಅಮ್ಮ," ಎಂದಳು ಮಗಳು. "ಅವಸರ ಏನೂ ಇಲ್ಲ."